ಹರಾಜಿನ ಮನೆ: ಬಿಡ್ ಹಾಕುವ ಮುನ್ನ ಮನೆಯವರನ್ನು ಮಾತಾಡಿಸಿ

ಯಾವುದೇ ಕನ್ನಡ ದಿನಪತ್ರಿಕೆಯ ಒಳಪುಟಗಳಲ್ಲಿ ‘ಸ್ಥಿರಾಸ್ತಿ ಇ-ಹರಾಜು ಪ್ರಕಟಣೆ’ ಎಂಬ ತಲೆಬರಹದ ಕೆಳಗೆ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಸೈಟ್ ನಂಬರು, ಚೆಕ್ಕುಬಂದಿ, ಮೀಸಲು ಬೆಲೆ, ಹರಾಜಿನ ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ಪೇಟೆಯಲ್ಲಿ 70 ಲಕ್ಷ ಬಾಳುವ ಫ್ಲ್ಯಾಟಿಗೆ 55 ಲಕ್ಷ ಎಂದು ಬರೆದಿದ್ದರೆ, ಮನೆ ಹುಡುಕುತ್ತಿರುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಆ 15 ಲಕ್ಷ ಎಲ್ಲಿಂದ ಕಡಿಮೆಯಾಯಿತು ಎಂದು ಮೊದಲು ಕೇಳಿಕೊಳ್ಳಬೇಕು. ಅದರಲ್ಲಿ ಒಂದು ಪಾಲು, ಕೊಳ್ಳುವವರು ಹೊರಬೇಕಾದ ಅಪಾಯದ್ದು: ಕಾಗದಪತ್ರದ ತೊಡಕು, ಒಳಗಿರುವವರನ್ನು ಬಿಡಿಸುವ ಕಷ್ಟ, 15 ದಿನದಲ್ಲಿ ಪೂರ್ತಿ ಹಣ ಹೊಂದಿಸುವ ಒತ್ತಡ. ಇನ್ನೊಂದು ಪಾಲು, ಕಂತು ಕಟ್ಟಲಾಗದ ಒಂದು ಕುಟುಂಬ ಅವಸರದಲ್ಲಿ ಕಳೆದುಕೊಳ್ಳುತ್ತಿರುವುದು. ಮೊದಲನೆಯದಕ್ಕೆ ಸಿಗುವ ರಿಯಾಯಿತಿ ನ್ಯಾಯವಾದದ್ದು. ಎರಡನೆಯದನ್ನು ಆದಷ್ಟು ಕಡಿಮೆ ಮಾಡಿ ಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. ಅದರಿಂದ ಕೊಳ್ಳುವವರಿಗೂ ಲಾಭವಿದೆ. ಹಾಗಾಗಿ ಈ ಲೇಖನದಲ್ಲಿ ಎರಡೂ ದಾರಿಗಳಿವೆ: ಹರಾಜಿಗೆ ಮುನ್ನ ಮಾಲೀಕರಿಂದಲೇ ಕೊಳ್ಳುವುದು, ಅದು ಆಗದಿದ್ದರೆ ಹರಾಜಿನಲ್ಲಿ ಕೊಳ್ಳುವುದು.

ಹರಾಜಿಗೆ ಬರುವವರೆಗೆ ಏನು ನಡೆದಿರುತ್ತದೆ?

ಅಡಮಾನದ ಮನೆಯನ್ನು ಕೋರ್ಟಿಗೆ ಹೋಗದೆಯೇ ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಗೃಹಸಾಲ ಕಂಪನಿಗಳೂ ಸಹಕಾರಿ ಬ್ಯಾಂಕುಗಳೂ ಇದನ್ನು ಬಳಸುತ್ತವೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಅದು ವಸೂಲಾಗದ ಸಾಲ (ಎನ್‌ಪಿಎ) ಆಗುತ್ತದೆ. ಆಮೇಲೆ ಬರುವುದು ಕಾಯ್ದೆಯ 13(2)ನೇ ಕಲಮಿನ ನೋಟಿಸು. ಪೂರ್ತಿ ಬಾಕಿ ತೀರಿಸಲು ಅದರಲ್ಲಿ 60 ದಿನದ ಗಡುವು ಇರುತ್ತದೆ. ಸಾಲಗಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ಒಪ್ಪದ ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. 60 ದಿನ ಮುಗಿದ ಮೇಲೆ 13(4)ರ ಪ್ರಕಾರ ಸ್ವಾಧೀನ. ಸಾಮಾನ್ಯವಾಗಿ ಮೊದಲು ನಡೆಯುವುದು ಸಾಂಕೇತಿಕ ಸ್ವಾಧೀನ: ಬಾಗಿಲಿಗೆ ನೋಟಿಸು ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲಿ ಸ್ವಾಧೀನ ಪ್ರಕಟಣೆ ಕೊಡುತ್ತಾರೆ. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಮನೆಯವರು ಒಳಗೇ ಇರುತ್ತಾರೆ. ನಂತರ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಮೀಸಲು ಬೆಲೆ ಗೊತ್ತುಮಾಡಿ, ಕನಿಷ್ಠ 30 ದಿನ ಮುಂಚಿತವಾಗಿ ಹರಾಜು ಪ್ರಕಟಣೆ ಹೊರಡಿಸುತ್ತಾರೆ. ಕೊಳ್ಳುವವರು ಬಾರದೆ ಮರುಹರಾಜಿಗೆ ಬಂದರೆ 15 ದಿನದ ಪ್ರಕಟಣೆ ಸಾಕು.

ಸ್ವಾಧೀನ ಪ್ರಕಟಣೆ ಮತ್ತು ಹರಾಜು ಪ್ರಕಟಣೆ ಬೇರೆ ಬೇರೆ ಎಂಬುದನ್ನು ಗಮನದಲ್ಲಿಡಿ. 2016ರ ತಿದ್ದುಪಡಿಯ ಪ್ರಕಾರ, ಸಾಲಗಾರರು ಪೂರ್ತಿ ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳುವ ಹಕ್ಕು ಇರುವುದು ಹರಾಜು ಪ್ರಕಟಣೆಯ ದಿನದವರೆಗೆ ಮಾತ್ರ. ಸೆಲಿರ್ ಮತ್ತು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅಂದರೆ ಮಾಲೀಕರಿಂದ ನೇರವಾಗಿ ಕೊಳ್ಳಬೇಕೆನ್ನುವವರು ಸ್ವಾಧೀನ ಪ್ರಕಟಣೆ ಕಂಡ ಕೂಡಲೇ ಕೆಲಸ ಶುರುಮಾಡಬೇಕು. ಹರಾಜಿನ ದಿನ ಗೊತ್ತಾದ ಮೇಲೆ ಹೋದರೆ ತಡವಾಗಿರುತ್ತದೆ.

ಮಾಲೀಕರಿಂದ ಕೊಂಡರೆ ಯಾರಿಗೆ ಎಷ್ಟು?

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೇಟೆ ಬೆಲೆ 70 ಲಕ್ಷ, ಬ್ಯಾಂಕಿನ ಬಾಕಿ 42 ಲಕ್ಷ. ಹರಾಜಿನಲ್ಲಿ 57 ಲಕ್ಷಕ್ಕೆ ಹೋದರೆ ಬಾಕಿ ಕಳೆದು ಉಳಿಯುವುದು 15 ಲಕ್ಷ. ಅದರಲ್ಲೂ ಹರಾಜಿನ ಖರ್ಚು ಮುರಿದುಕೊಂಡು, ಉಳಿದದ್ದನ್ನು ಬ್ಯಾಂಕು ಹಕ್ಕುದಾರರಿಗೆ ಕೊಡಬೇಕು. ಕಾಯ್ದೆಯ 13(7)ನೇ ಕಲಮು ಹೇಳುವುದು ಇದನ್ನೇ. ಅದೇ ಮನೆಯನ್ನು ನೀವು ಮಾಲೀಕರಿಂದ 64 ಲಕ್ಷಕ್ಕೆ ಕೊಂಡರೆ ಆ ಕುಟುಂಬದ ಕೈಗೆ 22 ಲಕ್ಷ ಸಿಗುತ್ತದೆ. ಬೇರೆ ಊರಿನಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳುವವರಿಗೆ ಆ ಹೆಚ್ಚಿನ 7 ಲಕ್ಷ ಬಹಳ ದೊಡ್ಡದು.

ನೀವು 7 ಲಕ್ಷ ಹೆಚ್ಚು ಕೊಟ್ಟಿರಿ, ನಿಜ. ಆದರೆ ಖಾಲಿ ಮನೆ ಕೈಗೆ ಬಂತು. ಮಾಮೂಲಿ ಕ್ರಯಪತ್ರ ಆಯಿತು. ನಿಮ್ಮ ಗೃಹಸಾಲ ಮಂಜೂರಾಗಲು ಸಮಯ ಸಿಕ್ಕಿತು. ಹರಾಜನ್ನೇ ಪ್ರಶ್ನಿಸಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಆಗಲೂ ಪೇಟೆ ಬೆಲೆಗಿಂತ 6 ಲಕ್ಷ ಕಡಿಮೆಗೇ ಕೊಂಡಿದ್ದೀರಿ.

ಈ ವ್ಯವಹಾರಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. 13(2) ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ಮನೆಯನ್ನು ಮಾರುವಂತಿಲ್ಲ, ಭೋಗ್ಯಕ್ಕೂ ಕೊಡುವಂತಿಲ್ಲ. 13(13)ನೇ ಕಲಮಿನ ಈ ನಿರ್ಬಂಧ ಮುರಿದರೆ ಶಿಕ್ಷೆಯೂ ಉಂಟು. ಆದ್ದರಿಂದ ಹೀಗೆ ಮಾಡಿ:

1. ಒಟ್ಟು ಬಾಕಿ ಎಷ್ಟು, ಯಾವ ದಿನಾಂಕದವರೆಗೆ, ಯಾವ ಮೂಲ ದಾಖಲೆಗಳು ಬ್ಯಾಂಕಿನಲ್ಲಿವೆ ಎಂಬ ಪತ್ರವನ್ನು ಮಾಲೀಕರ ಮೂಲಕ ಬರೆಸಿ ತರಿಸಿಕೊಳ್ಳಿ. ಸಾಲವನ್ನು ಬ್ಯಾಂಕು ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿದ್ದರೆ ಈ ಪತ್ರ ಆ ಕಂಪನಿಯಿಂದ ಬರಬೇಕು.

2. ನೀವು, ಮಾಲೀಕರು, ಬ್ಯಾಂಕು ಮೂವರೂ ಸಹಿ ಹಾಕುವ ತ್ರಿಪಕ್ಷೀಯ ಕರಾರು ಮಾಡಿಸಿ. ವ್ಯವಹಾರ ಮುರಿದುಬಿದ್ದರೆ ನಿಮ್ಮ ಮುಂಗಡ ಏನಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

3. ಮುಂಗಡವನ್ನು ಮಾಲೀಕರ ಕೈಗೆ ನಗದಾಗಿ ಕೊಡಬೇಡಿ. ಅದು ನೇರವಾಗಿ ಸಾಲದ ಖಾತೆಗೇ ಜಮೆಯಾಗಲಿ.

4. ನೋಂದಣಿಯ ದಿನ ಬ್ಯಾಂಕಿನ ಅಧಿಕಾರಿ ಮೂಲಪತ್ರಗಳೊಂದಿಗೆ ಉಪನೋಂದಣಿ ಕಚೇರಿಗೆ ಬರಲಿ. ಉಳಿದ ಬಾಕಿ ಕಟ್ಟಿದ ಮೇಲೆ, ಹಕ್ಕುಪತ್ರಗಳನ್ನು ಒತ್ತೆಯಿಟ್ಟಾಗ ನೋಂದಾಯಿಸಿದ ಎಂಒಡಿಟಿ ರದ್ದಾಗಿ, ಅದರ ಬೆನ್ನಿಗೇ ಕ್ರಯಪತ್ರ ನೋಂದಣಿಯಾಗಲಿ. ನೀವೂ ಸಾಲ ತೆಗೆಯುತ್ತಿದ್ದರೆ ನಿಮ್ಮ ಬ್ಯಾಂಕೇ ಹಳೆಯ ಬ್ಯಾಂಕಿಗೆ ಹಣ ಕಟ್ಟಿ ದಾಖಲೆ ಪಡೆಯುತ್ತದೆ.

5. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಹಣವೆಲ್ಲ ಬ್ಯಾಂಕಿಗೇ ಹೋದರೂ ಮಾರಿದವರಿಗೆ ಬಂಡವಾಳ ಲಾಭದ ತೆರಿಗೆ ಬರಬಹುದು. ಅದನ್ನು ಅವರಿಗೆ ಮೊದಲೇ ತಿಳಿಸಿ, ಒಬ್ಬ ಲೆಕ್ಕಪರಿಶೋಧಕರನ್ನು ಕಾಣಲು ಹೇಳಿ.

ಕಷ್ಟದಲ್ಲಿರುವವರ ಜೊತೆ ಮಾತು

ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿಸಿಕೊಂಡ ಮನೆಗೆ ದಿನವೂ ಯಾರಾದರೂ ಬರುತ್ತಿರುತ್ತಾರೆ: ವಸೂಲಿಯವರು, ದಲ್ಲಾಳಿಗಳು, ಕೈಸಾಲ ಕೊಟ್ಟವರು. ನೀವು ಇನ್ನೊಬ್ಬ ದಲ್ಲಾಳಿಯಂತೆ ಹೋದರೆ ಬಾಗಿಲು ತೆರೆಯುವುದಿಲ್ಲ. ಅಕ್ಕಪಕ್ಕದವರ ಎದುರು ಸಾಲದ ಮಾತೆತ್ತಬೇಡಿ. ಸಾಧ್ಯವಾದರೆ ಪರಿಚಿತರೊಬ್ಬರ ಮೂಲಕ ಹೇಳಿಕಳಿಸಿ, ಗಂಡ ಹೆಂಡತಿ ಇಬ್ಬರೂ ಇರುವ ಹೊತ್ತು ಕೇಳಿಕೊಂಡು ಹೋಗಿ. ಮಾತು ಹೀಗೆ ಶುರುವಾಗಲಿ: “ಯಜಮಾನ್ರೇ, ಪೇಪರಲ್ಲಿ ನೋಡಿದೆ. ಮನೆ ಉಳಿಸ್ಕೊಳ್ಳೋಕೆ ದಾರಿ ಇದ್ರೆ ಮೊದಲು ಅದನ್ನೇ ನೋಡಿ. ಮಾರಲೇಬೇಕು ಅಂತಾದ್ರೆ ಹರಾಜಿಗೆ ಬಿಡೋ ಮುಂಚೆ ನನಗೊಂದು ಮಾತು ಹೇಳಿ. ದುಡ್ಡು ನೇರ ಬ್ಯಾಂಕಿಗೇ ಕಟ್ತೀನಿ, ಮಿಕ್ಕಿದ್ದು ನಿಮ್ಮ ಖಾತೆಗೆ.” ಇದಿಷ್ಟನ್ನು ಹೇಳಿ, ಫೋನ್ ನಂಬರು ಕೊಟ್ಟು ಬನ್ನಿ. ಅಂದೇ ಉತ್ತರ ಕೇಳಬೇಡಿ.

ಬೆಲೆ ಹೇಳುವಾಗ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ: ಬಾಕಿ ಇಷ್ಟು, ಪೇಟೆ ಬೆಲೆ ಇಷ್ಟು, ನಾನು ಕೊಡುವುದು ಇಷ್ಟು, ನಿಮ್ಮ ಕೈಗೆ ಬರುವುದು ಇಷ್ಟು. ಆ ಹಾಳೆಯನ್ನು ಅವರ ಬಳಿಯೇ ಬಿಟ್ಟುಬನ್ನಿ, ವಕೀಲರಿಗೆ ತೋರಿಸಲು ಹೇಳಿ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ, ಬಾಡಿಗೆ ಮನೆ ಸಿಗುವವರೆಗೆ ಎಂದು ಒಂದೆರಡು ತಿಂಗಳು ಕೇಳಿದರೆ ಕೊಡಿ. ಆದರೆ ಬಿಡುವ ದಿನಾಂಕ ಕರಾರಿನಲ್ಲಿರಲಿ, ಒಂದಿಷ್ಟು ಹಣ ಕೀಲಿಕೈ ಕೊಡುವ ದಿನಕ್ಕೆ ಉಳಿದಿರಲಿ.

ಕೆಲವು ಕೆಲಸಗಳನ್ನು ಮಾಡಲೇಬಾರದು. “ಸಾಲ ನಾನು ನೋಡ್ಕೋತೀನಿ, ಸದ್ಯಕ್ಕೆ ನನ್ನ ಹೆಸರಿಗೆ ಜಿಪಿಎ ಮಾಡಿಕೊಡಿ” ಎಂದು ಯಾರ ಸಹಿಯನ್ನೂ ತೆಗೆದುಕೊಳ್ಳಬೇಡಿ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಇಂಥ ಕಾಗದ ಆ ಕುಟುಂಬವನ್ನು ಮುಳುಗಿಸುತ್ತದೆ, ನಿಮ್ಮ ಹಣವನ್ನೂ ಮುಳುಗಿಸುತ್ತದೆ.

ಹರಾಜಿನಲ್ಲೇ ಕೊಳ್ಳುವುದಾದರೆ: ಮೊದಲು ಕಾಗದಪತ್ರ

ಸರ್ಕಾರಿ ಬ್ಯಾಂಕುಗಳ ಹರಾಜಿನ ಆಸ್ತಿಗಳು ‘ಬ್ಯಾಂಕ್‌ನೆಟ್’ ಜಾಲತಾಣದಲ್ಲಿ ಊರುವಾರು ಸಿಗುತ್ತವೆ. ಪ್ರತಿ ಪ್ರಕಟಣೆಯಲ್ಲೂ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಅರ್ಥದ ಷರತ್ತು ಇದ್ದೇ ಇರುತ್ತದೆ. ಬ್ಯಾಂಕು ಸಾಲ ಕೊಟ್ಟಿದೆ, ಆದ್ದರಿಂದ ಕಾಗದ ಸರಿಯಿರುತ್ತದೆ ಎಂಬ ನಂಬಿಕೆ ಬೇಡ. ತಪಾಸಣೆಯ ಹೊಣೆ ಪೂರ್ತಿ ನಿಮ್ಮದೇ.

ಬ್ಯಾಂಕಿನ ಅಧಿಕೃತ ಅಧಿಕಾರಿಯನ್ನು ಕಂಡು ಹಕ್ಕುಪತ್ರಗಳ ನಕಲು ಕೇಳಿ, ನಿಮ್ಮದೇ ವಕೀಲರಿಂದ ಓದಿಸಿ. ಕಾವೇರಿ 2.0ರಲ್ಲಿ ಋಣಭಾರ ಪತ್ರ ತೆಗೆಸಿ; ಹಳೆಯ ವರ್ಷಗಳದ್ದನ್ನು ಉಪನೋಂದಣಿ ಕಚೇರಿಯಲ್ಲೇ ಕೇಳಿ. ಬೇರೆ ಬ್ಯಾಂಕಿನ ಅಡಮಾನ ಇದೆಯೇ ಎಂಬುದು ಸೆರ್ಸಾಯ್ ದಾಖಲೆಯಲ್ಲಿ ಗೊತ್ತಾಗುತ್ತದೆ. ಸಾಲಗಾರರ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣವನ್ನೂ ಸಾಲ ವಸೂಲಾತಿ ನ್ಯಾಯಮಂಡಳಿಯ ತಾಣವನ್ನೂ ಹುಡುಕಿ. ಬೆಂಗಳೂರಿನಲ್ಲಿ ಈ ನ್ಯಾಯಮಂಡಳಿಯ ಎರಡು ಪೀಠಗಳಿವೆ. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ 45 ದಿನದೊಳಗೆ ಅಲ್ಲಿಗೆ ಅರ್ಜಿ ಹಾಕಬಹುದು. ಅರ್ಜಿ ಬಾಕಿಯಿರುವ ಮನೆ ಕೊಂಡರೆ ತೀರ್ಪು ಬರುವವರೆಗೆ ನಿಮ್ಮ ದುಡ್ಡು ಸಿಕ್ಕಿಬೀಳಬಹುದು.

ನಮ್ಮ ರಾಜ್ಯದಲ್ಲಿ ವಿಶೇಷವಾಗಿ ನೋಡಬೇಕಾದವು ಇವು. ಖಾತೆ ಎ ಇದೆಯೋ ಬಿ ಇದೆಯೋ, ಇ-ಖಾತೆ ಆಗಿದೆಯೋ ಇಲ್ಲವೋ. ಅಪಾರ್ಟ್‌ಮೆಂಟಾದರೆ ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಇದೆಯೋ ಇಲ್ಲವೋ. ಸೈಟು ಎದ್ದಿರುವ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡಬರುತ್ತದೆ. ಪಿತ್ರಾರ್ಜಿತ ಆಸ್ತಿಯಾದರೆ ಅಕ್ಕತಂಗಿಯರ ಪಾಲಿನ ದಾವೆ ಇದೆಯೇ ಎಂದು ವಿಚಾರಿಸಿ. ಹರಾಜಿನ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಹೋಗಿ, ನಾಲ್ಕೂ ದಿಕ್ಕು ತಾಳೆ ನೋಡಿ.

ಹಳೆ ಬಾಕಿಗಳೂ ಮನೆಯ ಜೊತೆಗೇ ಬರುತ್ತವೆ. ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಶುಲ್ಕ ವರ್ಷಗಟ್ಟಲೆ ನಿಂತಿರಬಹುದು. ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನೂ ನಿಯಮಗಳ ಪ್ರಕಾರ ಹರಾಜಿನಲ್ಲಿ ಕೊಂಡವರಿಂದ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಹೇಳಿದೆ. ಬಿಡ್ ಹಾಕುವ ಮುಂಚೆಯೇ ಎಸ್ಕಾಂ ಕಚೇರಿಗೂ ಸಂಘದ ಕಾರ್ಯದರ್ಶಿ ಬಳಿಗೂ ಒಮ್ಮೆ ಹೋಗಿಬನ್ನಿ.

ದುಡ್ಡಿನ ಲೆಕ್ಕ ಮತ್ತು ದಿನಗಳ ಲೆಕ್ಕ

ಮೀಸಲು ಬೆಲೆ 60 ಲಕ್ಷದ ಮನೆ ಎಂದುಕೊಳ್ಳಿ. ಮುಂಗಡ ಠೇವಣಿ ಸಾಮಾನ್ಯವಾಗಿ ಶೇ 10, ಅಂದರೆ 6 ಲಕ್ಷ. ನೀವು 66 ಲಕ್ಷಕ್ಕೆ ಗೆದ್ದಿರಿ. ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಬೆಲೆಯ ಶೇ 25, ಅಂದರೆ 16.5 ಲಕ್ಷ ಕಟ್ಟಿರಬೇಕು. ಠೇವಣಿ ಕಳೆದು ಹೊಸದಾಗಿ 10.5 ಲಕ್ಷ. ಉಳಿದ 49.5 ಲಕ್ಷವನ್ನು ಮಾರಾಟ ಖಾಯಂ ಆದ 15ನೇ ದಿನದೊಳಗೆ ಕಟ್ಟಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗರಿಷ್ಠ ಮೂರು ತಿಂಗಳವರೆಗೆ ಸಮಯ ಸಿಗಬಹುದು, ಅದನ್ನು ನಂಬಿ ಕೂರಬೇಡಿ. ತಪ್ಪಿದರೆ ಆ 16.5 ಲಕ್ಷ ಪೂರ್ತಿ ಮುಟ್ಟುಗೋಲು. ಶೇ 25ನ್ನು ಇಡಿಯಾಗಿ ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೇ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾಲ ಮಾಡಿ ಕೊಳ್ಳುವವರು ಹರಾಜಿಗೆ ಮುಂಚೆಯೇ ಸಾಲದ ಮಂಜೂರಾತಿ ಪತ್ರ ಕೈಯಲ್ಲಿಟ್ಟುಕೊಳ್ಳಬೇಕು.

ಇದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಮತ್ತು ನೋಂದಣಿ ಶುಲ್ಕ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಈ ಬೆಲೆಗೆ ಎಲ್ಲ ಸೇರಿ ಸುಮಾರು 5 ಲಕ್ಷ ಎತ್ತಿಡಿ. ಹಳೆ ಬಾಕಿ, ರಿಪೇರಿ, ವಕೀಲರ ಖರ್ಚು ಬೇರೆ. ಈ ಎಲ್ಲವನ್ನೂ ಕಳೆದು ನಿಮ್ಮ ಗರಿಷ್ಠ ಬೆಲೆಯನ್ನು ಹಿಂದಿನ ದಿನವೇ ಬರೆದಿಡಿ. ಆನ್‌ಲೈನ್ ಹರಾಜಿನಲ್ಲಿ ಕೊನೆ ಗಳಿಗೆಯಲ್ಲಿ ಬಿಡ್ ಬಂದರೆ ಸಮಯ ಐದೋ ಹತ್ತೋ ನಿಮಿಷ ಮುಂದಕ್ಕೆ ಹೋಗುತ್ತದೆ. ಹಟಕ್ಕೆ ಬಿದ್ದು ಲಾಭವನ್ನೆಲ್ಲ ಕಳೆದುಕೊಳ್ಳುವುದು ಆ ನಿಮಿಷಗಳಲ್ಲೇ.

ಹಣ ಪೂರ್ತಿ ಕಟ್ಟಿದ ಮೇಲೆ ಬ್ಯಾಂಕು ಮಾರಾಟ ಪ್ರಮಾಣಪತ್ರ ಕೊಡುತ್ತದೆ. ತನಗೆ ತಿಳಿದಿರುವ ಋಣಭಾರ ಇದೆಯೇ ಇಲ್ಲವೇ ಎಂಬುದನ್ನು ಬ್ಯಾಂಕು ಅದರಲ್ಲಿ ನಮೂದಿಸಬೇಕು. ಆ ಸಾಲನ್ನು ಓದಿ, ಚೆಕ್ಕುಬಂದಿಯ ಪ್ರತಿ ಅಂಕಿಯನ್ನೂ ತಾಳೆ ನೋಡಿದ ಮೇಲೆಯೇ ಸ್ವೀಕರಿಸಿ. ಮೂಲಪತ್ರಗಳನ್ನು ಅದರ ಜೊತೆಗೇ ಪಡೆಯಿರಿ.

ಒಳಗೆ ಯಾರಿದ್ದಾರೆ?

ಪ್ರಕಟಣೆಯಲ್ಲಿ ‘ಭೌತಿಕ ಸ್ವಾಧೀನ’ ಎಂದಿದ್ದರೆ ಕೀಲಿಕೈ ಬ್ಯಾಂಕಿನ ಬಳಿ ಇದೆ. ‘ಸಾಂಕೇತಿಕ’ ಎಂದಿದ್ದರೆ ಒಳಗೆ ಜನರಿದ್ದಾರೆ, ಅವರನ್ನು ಬಿಡಿಸುವ ಕೆಲಸ ಬಾಕಿಯಿದೆ. ಮೊದಲ ಬಾರಿ ಕೊಳ್ಳುವವರು ಭೌತಿಕ ಸ್ವಾಧೀನದ ಮನೆಗಳಿಗಷ್ಟೇ ಬಿಡ್ ಹಾಕುವುದು ಒಳ್ಳೆಯದು.

ಬಿಡಿಸುವ ಕಾನೂನಿನ ದಾರಿ 14ನೇ ಕಲಮು. ಬ್ಯಾಂಕಿನ ಅರ್ಜಿಯ ಮೇಲೆ, ಬೆಂಗಳೂರಿನಂಥ ಮಹಾನಗರದಲ್ಲಿ ಮುಖ್ಯ ಮ್ಯಾಜಿಸ್ಟ್ರೇಟರೋ ಬೇರೆಡೆ ಜಿಲ್ಲಾಧಿಕಾರಿಯೋ ಆದೇಶ ಮಾಡುತ್ತಾರೆ. 30 ದಿನದಲ್ಲಿ, ಕಾರಣವಿದ್ದರೆ ಒಟ್ಟು 60 ದಿನದೊಳಗೆ ಆದೇಶವಾಗಬೇಕು ಎಂದು ಕಾಯ್ದೆಯಲ್ಲಿದ್ದರೂ, ಮನೆ ಕೈಸೇರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಪುಂಡರನ್ನು ಕಳಿಸುವುದು, ಕರೆಂಟು ತೆಗೆಸುವುದು, ಸಾಮಾನು ಬೀದಿಗೆ ಹಾಕಿಸುವುದು ಅಪರಾಧ, ಅಮಾನವೀಯ ಕೂಡ. ಅದರ ಬದಲು ಬ್ಯಾಂಕಿನ ಅಧಿಕಾರಿಯ ಎದುರು ಕುಳಿತು ಮಾತಾಡಿ. ಸಾಗಾಟದ ಖರ್ಚು, ಹೊಸ ಬಾಡಿಗೆ ಮನೆಯ ಅಡ್ವಾನ್ಸಿಗೊಂದಿಷ್ಟು ಹಣ, ಬಿಡಲು ಒಂದು ದಿನಾಂಕ: ಇಷ್ಟನ್ನು ಬರೆದು ಕೊಟ್ಟರೆ ಮರ್ಯಾದೆಯಿಂದ ಹೊರಡಲು ಒಪ್ಪುವವರು ಬಹಳ ಮಂದಿ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕು ‘ಲೀಸ್’. ತಿಂಗಳ ಬಾಡಿಗೆಯ ಬದಲು 10–15 ಲಕ್ಷ ಒಟ್ಟಿಗೆ ಕೊಟ್ಟು ಒಳಗಿರುವವರು ಇವರು. ಎಷ್ಟೋ ಸಲ ಮನೆ ಅಡಮಾನದಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಅಡಮಾನಕ್ಕೆ ಮುಂಚಿನ ನೋಂದಾಯಿತ ಗುತ್ತಿಗೆಗೆ ಕಾನೂನಿನ ರಕ್ಷಣೆ ಉಂಟು. ಅಡಮಾನದ ಆಮೇಲೆ ಬಿಳಿ ಹಾಳೆಯ ಮೇಲೆ ಬರೆದುಕೊಂಡ ಲೀಸಿಗೆ ಅಂಥ ಬಲವಿಲ್ಲ. ಕಾನೂನು ನಿಮ್ಮ ಪರವಿದ್ದರೂ, ಉಳಿತಾಯವನ್ನೆಲ್ಲ ಕಳೆದುಕೊಂಡವರು ಸುಮ್ಮನೆ ಎದ್ದುಹೋಗುವುದಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗ ಒಳಗಿರುವವರು ಮಾಲೀಕರೋ ಬಾಡಿಗೆಯವರೋ ಲೀಸಿನವರೋ ಎಂದು ಕೇಳಿ, ಅವರ ಕಾಗದದ ತಾರೀಖು ನೋಡಿ. ಲೀಸಿಗೆ ಹೋಗುವವರಿಗೂ ಒಂದು ಕಿವಿಮಾತು: ದುಡ್ಡು ಕೊಡುವ ಮುಂಚೆ ಆ ಮನೆಯ ಋಣಭಾರ ಪತ್ರ ತೆಗೆಸಿ.

ನೋಟಿಸು ನಿಮ್ಮ ಬಾಗಿಲಿಗೇ ಬಂದಿದ್ದರೆ

ಈ ಲೇಖನವನ್ನು ಓದುತ್ತಿರುವವರಲ್ಲಿ ಕಂತು ಕಟ್ಟಲಾಗದವರೂ ಇರಬಹುದು. ನೋಟಿಸನ್ನು ತೆಗೆದುಕೊಳ್ಳದೆ ವಾಪಸು ಕಳಿಸಬೇಡಿ, 60 ದಿನದ ಲೆಕ್ಕ ಹೇಗೂ ಓಡುತ್ತದೆ. ಬಾಕಿ ಲೆಕ್ಕದಲ್ಲಿ ತಪ್ಪಿದ್ದರೆ ಆಕ್ಷೇಪಣೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕಂತಿನ ಅವಧಿ ವಿಸ್ತರಿಸಲು ಅಥವಾ ಒಂದೇ ಬಾರಿಗೆ ತೀರುವಳಿ ಮಾಡಿಕೊಳ್ಳಲು ಲಿಖಿತವಾಗಿ ಕೇಳಿ. ವಸೂಲಿಯವರು ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಾಲ ಪೂರ್ತಿ ತೀರಿಸಿದರೆ 30 ದಿನದಲ್ಲಿ ಮೂಲಪತ್ರ ವಾಪಸು ಬರಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಉಳಿಸಿಕೊಳ್ಳಲು ಆಗುವುದೇ ಇಲ್ಲ ಎನಿಸಿದರೆ, ಹರಾಜು ಪ್ರಕಟಣೆಗೆ ಮುನ್ನ ನೀವೇ ಬ್ಯಾಂಕಿನ ಒಪ್ಪಿಗೆ ಕೇಳಿ ಕೊಳ್ಳುವವರನ್ನು ಹುಡುಕಿ. ಹರಾಜೇ ನಡೆದುಹೋದರೆ ಮಿಕ್ಕ ಹಣದ ಲೆಕ್ಕ ಕೇಳಿ ಬ್ಯಾಂಕಿಗೆ ಅರ್ಜಿ ಕೊಡಿ. ಅದು ನಿಮ್ಮ ಹಕ್ಕು.

ಕೊಳ್ಳುವವರಿಗೆ ಕೊನೆಯದಾಗಿ ಹೇಳುವುದು ಇಷ್ಟು. ಒಂದು ತಿಂಗಳು ಬಿಡ್ ಹಾಕದೆ ಪ್ರಕಟಣೆಗಳನ್ನು ಓದಿ. ನಿಮಗೆ ಗೊತ್ತಿರುವ ಎರಡು ಬಡಾವಣೆಗಳನ್ನಷ್ಟೇ ಆರಿಸಿಕೊಳ್ಳಿ. ಸ್ವಾಧೀನ ಪ್ರಕಟಣೆ ಕಂಡರೆ ಮೊದಲು ಮಾಲೀಕರ ಬಳಿ, ಆಮೇಲೆ ಬ್ಯಾಂಕಿನ ಬಳಿ ಹೋಗಿ. ಮಾತಿಗೇ ಸಿಗದ ಮಾಲೀಕರೂ ಇರುತ್ತಾರೆ, ಒಪ್ಪಿಗೆ ಕೊಡದ ಬ್ಯಾಂಕುಗಳೂ ಇರುತ್ತವೆ. ಆಗ ಹರಾಜಿಗೆ ಹೋಗಿ, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಕೆಟ್ಟ ಕಾಗದಕ್ಕೆ, ಸೋರುವ ತಾರಸಿಗೆ, ಹಳೆ ಬಾಕಿಗೆ ತಕ್ಕಂತೆ ಬೆಲೆ ಇಳಿಸಿ. ಆದರೆ ಇನ್ನೊಬ್ಬ ಬಿಡ್‌ದಾರರ ಜೊತೆ ಒಳಗೊಳಗೇ ಮಾತಾಡಿಕೊಂಡು ಬೆಲೆ ಏರದಂತೆ ತಡೆಯುವ ಕೂಟಕ್ಕೆ ಮಾತ್ರ ಸೇರಬೇಡಿ. ಬಾಕಿ ತೀರಿದ ಮೇಲೆ ಹರಾಜಿನಲ್ಲಿ ಏರುವ ಒಂದೊಂದು ಸಾವಿರವೂ ಸೇರುವುದು ಆ ಮನೆ ಕಳೆದುಕೊಂಡವರಿಗೇ.